ಅಪ್ಪನನ್ನು ಕರೆಸಬೇಡಿ, ಮೊದಲು ಬಯಾಪ್ಸಿ ಬ್ಲಾಕ್ ಕೇಳಿ

ನ್ಯೂಜೆರ್ಸಿಗೆ ಬಂದು ಮೂರು ತಿಂಗಳಾಯ್ತು, ಊರಲ್ಲಿ ಅಪ್ಪನಿಗೆ ಹೊಟ್ಟೆಯ ಕ್ಯಾನ್ಸರ್, ಲಿವರ್‌ಗೂ ಹರಡಿದೆ, ಇಲ್ಲಿಗೆ ಕರೆಸಿದರೆ ಟ್ರಾಸ್ಟುಜುಮ್ಯಾಬ್‌ನಂಥ ಟಾರ್ಗೆಟೆಡ್ ಥೆರಪಿ (ಗಡ್ಡೆಯ ಒಂದು ಗುರುತನ್ನೇ ಗುರಿಯಿಟ್ಟು ಹೊಡೆಯುವ ಔಷಧ) ಕೊಡಿಸಬಹುದಾ ಅಂತ ಕೇಳಿದ್ದೀರಿ. ಕರೆಸಬೇಡಿ. ನೇರವಾಗಿ ಹೇಳುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ.

ನಮ್ಮ ಅತ್ತೆಗೆ ಇದೇ ಕಾಯಿಲೆ ಬಂದಾಗ ನಾವೂ ಮೊದಲು ಟಿಕೆಟ್ ನೋಡಿದವರೇ. ಆಮೇಲೆ ವಿಸಿಟರ್ ಇನ್ಶೂರೆನ್ಸ್ ಕಾಗದ ಓದಿದೆವು. ಬರುವ ಮೊದಲೇ ಇದ್ದ ಕ್ಯಾನ್ಸರ್‌ಗೆ ಒಂದು ಡಾಲರೂ ಇಲ್ಲ. ಕಂಪನಿ ಇನ್ಶೂರೆನ್ಸ್ ಹೆಂಡತಿ ಮಕ್ಕಳಿಗೆ ಸಿಗುತ್ತದೆ, ಅಪ್ಪ ಅಮ್ಮನಿಗೆ ಸಾಮಾನ್ಯವಾಗಿ ಸಿಗುವುದಿಲ್ಲ. ಕೈಯಿಂದ ಕಟ್ಟೋಣ ಅಂದರೆ ಊರಿನ ಸೈಟು ಮಾರಿದರೂ ಸಾಲದು.

ತಮಾಷೆ ನೋಡಿ, ನೀವು ಹೆಸರು ಬರೆದಿರುವ ಟ್ರಾಸ್ಟುಜುಮ್ಯಾಬ್ ಅನ್ನು ಬೆಂಗಳೂರಿನ ಬಯೋಕಾನ್ ಕಂಪನಿಯೇ ಮಾಡುತ್ತದೆ. ಅಲ್ಲಿ 2014ರಿಂದ ಕ್ಯಾನ್‌ಮ್ಯಾಬ್ ಅಂತ ಸಿಗುತ್ತಿದೆ. ಅದೇ ಕಂಪನಿ ಮೈಲಾನ್ ಅನ್ನುವ ಔಷಧ ಕಂಪನಿ ಜೊತೆ ಸೇರಿ ಇದನ್ನೇ ಒಗಿವ್ರಿ ಅನ್ನುವ ಹೆಸರಲ್ಲಿ ತಂದಾಗ, ಔಷಧಗಳಿಗೆ ಅನುಮತಿ ಕೊಡುವ ಇಲ್ಲಿನ ಸರ್ಕಾರಿ ಸಂಸ್ಥೆ ಎಫ್‌ಡಿಎ 2017ರ ಡಿಸೆಂಬರ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಅಂದರೆ ಔಷಧವೇ ಅಲ್ಲಿಂದ ಇಲ್ಲಿಗೆ ಬಂದಿದೆ, ಅಪ್ಪ ಯಾಕೆ ಸುಮ್ನೆ ವಿಮಾನ ಹತ್ತಬೇಕು?

ಆದರೆ ಇದು ಎಲ್ಲರಿಗೂ ಕೊಡುವ ಔಷಧ ಅಲ್ಲ. ಗಡ್ಡೆಯ ಜೀವಕೋಶಗಳ ಮೇಲೆ ಹರ್-2 ಅನ್ನುವ ಪ್ರೋಟೀನ್ ಜಾಸ್ತಿ ಇರಬೇಕು. ಹೊಟ್ಟೆಯ ಕ್ಯಾನ್ಸರ್‌ನಲ್ಲಿ ಹೆಚ್ಚುಕಮ್ಮಿ ಐವರಲ್ಲಿ ಒಬ್ಬರಿಗೆ ಹಾಗಿರುತ್ತದೆ, ಅಷ್ಟೇ. ಅದು ಗೊತ್ತಾಗುವುದು ಎಂಡೋಸ್ಕೋಪಿಯಲ್ಲಿ ತೆಗೆದ ಚೂರಿನಿಂದ. ಆ ಚೂರನ್ನು ಮೇಣದಲ್ಲಿ ಕೂರಿಸಿ, ಬೆಂಕಿಪೊಟ್ಟಣಕ್ಕಿಂತ ಚಿಕ್ಕ ಪ್ಲಾಸ್ಟಿಕ್ ಚೌಕಟ್ಟಿನಲ್ಲಿ ಇಟ್ಟಿರುತ್ತಾರೆ. ಅದೇ ಬ್ಲಾಕ್. ಅತ್ತೆಯದು ಐದು ವಾರ ಒಂದು ಲ್ಯಾಬಿನ ಡ್ರಾಯರ್‌ನಲ್ಲಿ ಬಿದ್ದಿತ್ತು, ಯಾರೂ ಕೇಳಿರಲಿಲ್ಲ, ನಾವೂ ಕೇಳಲಿಲ್ಲ. ಅದು ನನಗೆ ಇವತ್ತಿಗೂ ಚುಚ್ಚುತ್ತದೆ. ಹರ್-2 ಜೊತೆಗೆ ಪಿಡಿ-ಎಲ್1 (ಇದೂ ಒಂದು ಪ್ರೋಟೀನ್), ಎಂಎಂಆರ್ (ಜೀವಕೋಶ ತನ್ನ ಡಿಎನ್‌ಎ ತಪ್ಪು ಸರಿಮಾಡಿಕೊಳ್ಳುತ್ತದಾ ಅನ್ನುವುದು) ಪರೀಕ್ಷೆಯನ್ನೂ ಅದೇ ಚೂರಿನ ಮೇಲೆ ಬರೆಯಲು ಡಾಕ್ಟರಿಗೆ ಹೇಳಿ. ಇಮ್ಯುನೋಥೆರಪಿ, ಅಂದರೆ ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರ್ ಮೇಲೆ ಬಿಡುವ ಔಷಧ, ಕೊಡಬೇಕಾ ಬೇಡವಾ ಅನ್ನುವುದು ಅವುಗಳ ಮೇಲೆ ನಿಂತಿದೆ.

ಆಸೆ ಎಷ್ಟಿಟ್ಟುಕೊಳ್ಳಬೇಕು ಅಂತಲೂ ಕೇಳಿದ್ದೀರಿ. 2010ರಲ್ಲಿ ಬಂದ ಟೋಗಾ ಅಧ್ಯಯನದಲ್ಲಿ ಬರೀ ಕೀಮೋ ಪಡೆದವರಲ್ಲಿ ಅರ್ಧದಷ್ಟು ಜನ 11.1 ತಿಂಗಳು ದಾಟಿದರು, ಟ್ರಾಸ್ಟುಜುಮ್ಯಾಬ್ ಕೂಡ ಸೇರಿಸಿದಾಗ 13.8. ಪವಾಡವೇನಲ್ಲ. ಕೆಲವರಿಗೆ ಇನ್ನೂ ಜಾಸ್ತಿ ಸಿಗುತ್ತದೆ, ಅತ್ತೆಗೆ ಎರಡು ದೀಪಾವಳಿ ಸಿಕ್ಕಿತು. ಈ ಔಷಧ ಹೃದಯಕ್ಕೆ ತೊಂದರೆ ಕೊಡಬಹುದು, ಅದಕ್ಕೆ ಶುರುವಿಗೆ ಮುಂಚೆ ಎಕೋ, ಅಂದರೆ ಹೃದಯದ ಸ್ಕ್ಯಾನ್ ಮಾಡಿಸುತ್ತಾರೆ, ಮಧ್ಯೆ ಮಧ್ಯೆಯೂ.

ಮೂರು ವಾರಕ್ಕೊಂದು ಡ್ರಿಪ್, ಮೊದಲನೆಯದು 90 ನಿಮಿಷ. ಟಿಕೆಟ್ ದುಡ್ಡಲ್ಲಿ ಆ ದಿನಕ್ಕೆ ನೀವೇ ಹೋಗಿ ಪಕ್ಕದಲ್ಲಿ ಕೂತುಕೊಳ್ಳಿ. ಈಗ ಇಲ್ಲಿ ರಾತ್ರಿ ಹನ್ನೊಂದು, ಅಲ್ಲಿ ಬೆಳಗಾಗಿದೆ, ಲ್ಯಾಬ್ ಬಾಗಿಲು ತೆಗೆಯುವ ಹೊತ್ತು. ಊರಲ್ಲಿರುವ ತಮ್ಮನಿಗೆ ಫೋನ್ ಮಾಡಿ, ಬ್ಲಾಕ್ ಕೇಳಲು ಹೇಳಿ.