ತೊಳೆದರೆ ಹೋಗದ ಕಪ್ಪು

ರಾಯಚೂರಿನ ಸುತ್ತಲಿನ ಊರುಗಳಿಂದ ಆಪ್ತಸಲಹೆಗೆ ಬರುವ ಹಿರಿಯರಲ್ಲಿ, ‘ಹೊಟ್ಟೆ ಸ್ವಚ್ಛ ಆಗಬೇಕು’ ಎಂದು ವರ್ಷಗಟ್ಟಲೆ ಭೇದಿ ಚೂರ್ಣ ಸೇವಿಸುವವರು ಮೇಲಿಂದ ಮೇಲೆ ಸಿಗುತ್ತಿರುವುದರಿಂದ, ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಈ ಪ್ರಕರಣವನ್ನು ಬರೆಯುತ್ತಿದ್ದೇನೆ.

ಅವರು ಸಿಂಧನೂರು ಕಡೆಯವರು, ಭತ್ತದ ವ್ಯಾಪಾರವನ್ನು ಮಗನಿಗೆ ಒಪ್ಪಿಸಿ ಮನೆಯಲ್ಲಿದ್ದವರು. ಪ್ರತಿ ರಾತ್ರಿ ಸೋನಾಮುಖಿ ಬೆರೆತ ಚೂರ್ಣ ತೆಗೆದುಕೊಳ್ಳುತ್ತಿದ್ದರು. ಕೊಲೊನೋಸ್ಕೋಪಿಯಲ್ಲಿ, ಅಂದರೆ ಕ್ಯಾಮೆರಾ ಇರುವ ಕೊಳವೆ ಹಾಯಿಸಿ ನೋಡುವ ಪರೀಕ್ಷೆಯಲ್ಲಿ, ದೊಡ್ಡ ಕರುಳಿನ ಒಳಪದರ ಕಪ್ಪಾಗಿರುವುದು ಕಂಡು, ವರದಿಯಲ್ಲಿ ‘ಮೆಲನೋಸಿಸ್ ಕೋಲೈ’ ಎಂದು ಬರೆದಿತ್ತು. ಗಡ್ಡೆಯಾಗಲಿ ಹುಣ್ಣಾಗಲಿ ಇರಲಿಲ್ಲ. ಭಯಪಡಬೇಕಿಲ್ಲ, ಚೂರ್ಣ ನಿಲ್ಲಿಸಿ ಎಂದು ವೈದ್ಯರು ಹೇಳಿದ್ದರೂ ಇವರು ಒಂದು ಚಮಚವಿದ್ದುದನ್ನು ಎರಡು ಮಾಡಿದ್ದರು. ‘ಕ್ಯಾನ್ಸರ್ ಆಗುತ್ತದೆ ಎಂದು ನೀವೇ ಒಂದು ಮಾತು ಹೆದರಿಸಿಬಿಡಿ’ ಎಂಬುದು ನನ್ನಲ್ಲಿ ಮಗನ ಬೇಡಿಕೆಯಾಗಿತ್ತು.

ಹೆದರಿಸುವ ಬದಲು, ಚಮಚ ಎರಡಾದದ್ದು ಏಕೆ ಎಂದು ಕೇಳಿದೆ. ಅವರು ವರದಿಯ ಮಡಿಕೆ ಬಿಡಿಸಿ, ಅದರಲ್ಲಿದ್ದ ಬಣ್ಣದ ಚಿತ್ರದ ಮೇಲೆ ಹೆಬ್ಬೆರಳು ಉಜ್ಜುತ್ತಾ, ‘ಇಷ್ಟು ಹೊಲಸು ಕುಂತದ ನೋಡ್ರಿ, ತೊಳೀಬೇಕಲ್ಲ?’ ಎಂದರು.

ವೈದ್ಯರ ಮಾತನ್ನು ಅವರು ಹಟದಿಂದ ಮೀರಿರಲಿಲ್ಲ, ತಮ್ಮ ಲೆಕ್ಕದಲ್ಲಿ ರೋಗಕ್ಕೆ ಮದ್ದು ಹೆಚ್ಚಿಸಿದ್ದರು ಎಂಬುದು ಆಗ ಸ್ಪಷ್ಟವಾಯಿತು. ಆ ಕಪ್ಪು ಅಂಟಿಕೊಂಡ ಮಲವಲ್ಲ. ಸೋನಾಮುಖಿ, ಲೋಳೆಸರದ ಕಹಿ ರಸ ಮುಂತಾದವುಗಳಲ್ಲಿರುವ ಆಂತ್ರಕ್ವಿನೋನ್ ಎಂಬ ಅಂಶ ಒಳಪದರದ ಕೋಶಗಳನ್ನು ಸಾಯಿಸುತ್ತದೆ. ಸತ್ತ ಕೋಶಗಳ ಉಳಿಕೆಯನ್ನು ನುಂಗಿದ ರಕ್ಷಕ ಕೋಶಗಳಲ್ಲಿ ಲಿಪೊಫಸಿನ್ ಎಂಬ ವರ್ಣಕ ತುಂಬಿಕೊಂಡು ಕರುಳು ಕಂದು ಅಥವಾ ಕಪ್ಪಾಗಿ ಕಾಣುತ್ತದೆ. ‘ನೀವು ತೊಳೆದಷ್ಟೂ ಅದು ಕಪ್ಪಾಗುತ್ತದೆ, ಬಿಟ್ಟರೆ ಕೆಲವು ತಿಂಗಳಲ್ಲಿ ತಿಳಿಯಾಗುತ್ತಾ ಹೋಗುತ್ತದೆ’ ಎಂದಾಗ ಅವರು ಬಹಳ ಹೊತ್ತು ಸುಮ್ಮನಿದ್ದು, ‘ಅಪಾಯ ಇಲ್ಲ ಅಂದಮ್ಯಾಲ ಬಿಡೋದ್ಯಾಕ?’ ಎಂದು ಕೇಳಿದರು. ವ್ಯಾಪಾರಿಯ ಪ್ರಶ್ನೆ, ನ್ಯಾಯವಾದದ್ದೇ.

ಬಣ್ಣ ನಿರಪಾಯಕಾರಿ, ಆದರೆ ಅತಿಯಾದ ಭೇದಿ ನಿರಪಾಯಕಾರಿಯಲ್ಲ ಎಂದೆ. ಅದು ದೇಹದ ನೀರನ್ನೂ ಪೊಟ್ಯಾಸಿಯಂ ಅನ್ನೂ ಹೊರಹಾಕಿ, ನಿಶ್ಶಕ್ತಿ, ಕಾಲುಸೆಳೆತದಿಂದ ಹಿಡಿದು ಹೃದಯದ ಬಡಿತ ಏರುಪೇರಾಗುವವರೆಗೂ ಒಯ್ಯಬಲ್ಲದು. ನಮ್ಮ ಬೇಸಿಗೆಯಲ್ಲಂತೂ ನೀರು ಕಳೆದುಕೊಳ್ಳಲು ಚೂರ್ಣದ ನೆರವೇ ಬೇಕಿಲ್ಲ. ಕ್ಯಾನ್ಸರ್ ಮಾತನ್ನು ನಾನು ಎತ್ತಲಿಲ್ಲವೆಂದು ಮಗನಿಗೆ ಅಸಮಾಧಾನವಾಯಿತು. ಈ ಕಪ್ಪಿನಿಂದ ಕ್ಯಾನ್ಸರ್ ಬರುತ್ತದೆಂದು ಸಾಬೀತಾಗಿಲ್ಲ. ಅದಿರಲಿ, ಒಳಗೆ ಕೊಳೆಯಿದೆ ಎಂದು ನಂಬಿದವರನ್ನು ಹೆದರಿಸಿದರೆ ಅವರು ಮೂರನೇ ಚಮಚಕ್ಕೆ ಕೈಹಾಕುತ್ತಾರೆಂಬುದು ನನ್ನ ಖಚಿತ ಅಭಿಪ್ರಾಯ.

ಮಲವಿಸರ್ಜನೆ ದಿನಕ್ಕೆ ಮೂರು ಸಲದಿಂದ ವಾರಕ್ಕೆ ಮೂರು ಸಲದವರೆಗೆ, ತಿಣುಕದೆ ಆಗುವುದಾದರೆ ಅದು ಸಹಜವೇ ಎಂಬುದನ್ನು ಅವರು ಮೊದಲ ಬಾರಿಗೆ ಕೇಳಿದರು. ವೈದ್ಯರ ನಿಗಾದಲ್ಲಿ ಚೂರ್ಣವನ್ನು ಹಂತಹಂತವಾಗಿ ಇಳಿಸುವುದು, ಅವರು ಒಪ್ಪಿದರೆ ಸಾಕಷ್ಟು ನೀರಿನೊಂದಿಗೆ ಇಸಬಗೋಲು, ಬೆಳಗಿನ ಊಟವಾದ ಮೇಲೆ ಅವಸರವಿಲ್ಲದೆ ಕೂರುವುದು, ಕಮೋಡ್ ಇದ್ದರೆ ಕಾಲಡಿಗೆ ಮಣೆ, ಇವು ನಾನು ಕೊಟ್ಟ ಸಲಹೆಗಳು. ಮಲದಲ್ಲಿ ರಕ್ತ ಕಂಡರೆ ಅಥವಾ ಕಾರಣವಿಲ್ಲದೆ ತೂಕ ಇಳಿದರೆ ನನ್ನ ಬಳಿಗಲ್ಲ, ನೇರವಾಗಿ ವೈದ್ಯರ ಬಳಿಗೆ ಹೋಗಬೇಕೆಂದೂ ಹೇಳಿದೆ.

ಚೂರ್ಣ ಈಗ ದಿನನಿತ್ಯದ್ದಲ್ಲ, ಆದರೂ ಅಮಾವಾಸ್ಯೆಗೊಮ್ಮೆ ಬೇಕೇ ಬೇಕೆನ್ನುತ್ತಾರೆ. ಅದಕ್ಕೆ ನಾನು ವಾದ ಹೂಡಿಲ್ಲ. ವೈದ್ಯರಿಂದ ಮುಚ್ಚಿಡಬೇಡಿ ಎಂದಷ್ಟೇ ಹೇಳಿದ್ದೇನೆ.