ಚಾಳೀಸಿನ ವಯಸ್ಸಿನಲ್ಲಿ ಲೇಸರ್ ಆಪರೇಷನ್: ಒಂದು ಆಪ್ತಸಲಹೆ ಪ್ರಕರಣ

ಸಲಹೆ ಕೇಳಿ ನನ್ನ ಹತ್ತಿರ ಬಂದಿದ್ದ ಮಹಿಳೆಯೊಬ್ಬರ ಪ್ರಕರಣ ಇದು. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಬರೆಯುವುದಕ್ಕೆ ಆಕೆಯ ಒಪ್ಪಿಗೆ ಇದೆ.

ಆಕೆಗೆ 46 ವರ್ಷ. ಸ್ಕೂಲಿನ ದಿನಗಳಿಂದಲೂ ಕನ್ನಡಕ. ಎರಡೂ ಕಣ್ಣಿಗೆ ಮೈನಸ್ 4 ಪವರ್. ಪುಸ್ತಕಗಳು ಅಚ್ಚಿಗೆ ಹೋಗುವ ಮೊದಲು ಕರಡು ತಿದ್ದುವುದು ಕೆಲಸ. ಲೇಸರ್ ಆಪರೇಷನ್ ಮಾಡಿಸಿಕೊಳ್ಳಲೋ ಬೇಡವೋ ಅಂತ ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡು ನನ್ನ ಹತ್ತಿರ ಬಂದಿದ್ದರು. "ಗೆಳತಿ ಇನ್ನೂ ಯಾಕೆ ಕಾಯ್ತಿದೀಯ ಅಂತಾಳೆ. ಗಂಡ ಬೇಡವೇ ಬೇಡ ಅಂತಾರೆ. ನನಗೇನು ಬೇಕು ಅನ್ನೋದೇ ತಿಳೀತಿಲ್ಲ" ಅಂದರು.

ಜೊತೆಗೆ ಒಂದು ಫೈಲು ತಂದಿದ್ದರು. ಕಣ್ಣಿನ ಮುಂದಿನ ಪಾರದರ್ಶಕ ಪದರವಾದ ಕಾರ್ನಿಯಾದ ನಕ್ಷೆ, ಅದರ ದಪ್ಪದ ಅಳತೆ, ಎಲ್ಲಾ ಇತ್ತು. ದಪ್ಪ ಸಾಕಷ್ಟಿದೆ, ಪವರ್ ಒಂದು ವರ್ಷಕ್ಕಿಂತ ಜಾಸ್ತಿ ಕಾಲದಿಂದ ಬದಲಾಗಿಲ್ಲ, ಆಪರೇಷನ್ ಮಾಡಬಹುದು ಅಂತ ಡಾಕ್ಟರ್ ಹೇಳಿದ್ದರು. ಮಾಡಬಹುದು ಅನ್ನುವುದಕ್ಕೂ ಮಾಡಿಸಿಕೊಳ್ಳಬೇಕು ಅನ್ನುವುದಕ್ಕೂ ನಡುವೆ ತುಂಬಾ ದೂರ ಇದೆ. ಆಕೆ ಸಿಕ್ಕಿಹಾಕಿಕೊಂಡಿದ್ದು ಅಲ್ಲೇ.

ನಾನು ಕಣ್ಣಿನ ಡಾಕ್ಟರ್ ಅಲ್ಲ ಅಂತ ಮೊದಲೇ ಹೇಳಿದೆ. ಆದರೆ ಈ ವಯಸ್ಸಿನವರು ಈ ಪ್ರಶ್ನೆ ಹಿಡಿದು ಬಂದಾಗ ನಾನು ತಪ್ಪದೆ ಕೇಳುವ ಮಾತೊಂದಿದೆ. ಆಕೆಗೂ ಕೇಳಿದೆ: "ದಿನದಲ್ಲಿ ಕನ್ನಡಕ ಯಾವಾಗ ತೆಗೆಯುತ್ತೀರಿ?"

"ಮಲಗುವಾಗ" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಕರಡು ತಿದ್ದುವಾಗಲೂ ತೆಗೀತೀನಿ. ಎರಡು ಮೂರು ವರ್ಷದಿಂದ ಹಾಕಿಕೊಂಡು ಓದೋಕೆ ಕಷ್ಟ. ತೆಗೆದರೆ ಸಣ್ಣ ಅಕ್ಷರವೂ ಚೆನ್ನಾಗಿ ಕಾಣುತ್ತೆ" ಅಂದರು.

ಇಡೀ ಪ್ರಕರಣದ ಗಂಟು ಇದ್ದದ್ದು ಈ ಮಾತಿನಲ್ಲಿ. ಕನ್ನಡಕ ಹೋಗಬೇಕು ಅಂತ ಹಂಬಲಿಸುತ್ತಿದ್ದ ಆಕೆ ದಿನದ ಬಹುಪಾಲು ಹೊತ್ತು ಕನ್ನಡಕ ಇಲ್ಲದೆಯೇ ಕೆಲಸ ಮಾಡುತ್ತಿದ್ದರು. ಅದು ಅವರ ಗಮನಕ್ಕೇ ಬಂದಿರಲಿಲ್ಲ.

ಲೆಕ್ಕ ಸುಲಭ. 100ನ್ನು ಮೈನಸ್ ಪವರ್‌ನಿಂದ ಭಾಗಿಸಿದರೆ, ಕನ್ನಡಕ ಇಲ್ಲದೆ ಎಷ್ಟು ಸೆಂಟಿಮೀಟರ್ ದೂರದವರೆಗೆ ಸ್ಪಷ್ಟವಾಗಿ ಕಾಣುತ್ತದೆ ಅನ್ನುವುದು ಸಿಗುತ್ತದೆ. ಮೈನಸ್ 4 ಇದ್ದರೆ 25 ಸೆಂಟಿಮೀಟರ್. ಸಣ್ಣ ಅಕ್ಷರ ನೋಡುವುದಕ್ಕೆ ಹೇಳಿ ಮಾಡಿಸಿದ ದೂರ. ಇದು ಆಕೆಗೆ ಮೈನಸ್ ಪವರ್ ಜೊತೆ ಬಂದ ಸೌಲಭ್ಯ ಅನ್ನಬಹುದು. ಲೇಸರ್‌ನಿಂದ ದೂರದ ಪವರ್ ಪೂರ್ತಿ ಸರಿಮಾಡಿದರೆ ಈ ಸೌಲಭ್ಯ ಹೋಗುತ್ತದೆ.

ಯಾಕೆ ಅಂದರೆ ಲೇಸರ್ ಕೆಲಸ ಮಾಡುವುದು ಕಣ್ಣಿನ ಮುಂದಿರುವ ಕಾರ್ನಿಯಾದ ಮೇಲೆ. ಅದರ ಆಕಾರ ಬದಲಿಸಿ ಬೆಳಕು ಸರಿಯಾದ ಜಾಗದಲ್ಲಿ ಬೀಳುವಂತೆ ಮಾಡುತ್ತದೆ. ಚಾಳೀಸು ಬರುವುದು ಬೇರೆ ಕಡೆ. ಕಣ್ಣಿನ ಒಳಗಿರುವ ಮಸೂರ ವಯಸ್ಸಾದ ಹಾಗೆ ಗಟ್ಟಿಯಾಗುತ್ತದೆ. ಹತ್ತಿರದ್ದನ್ನು ನೋಡುವಾಗ ಅದು ಉಬ್ಬಬೇಕು, ಉಬ್ಬುವ ಶಕ್ತಿ ಕಡಿಮೆಯಾಗುತ್ತಾ ಬರುತ್ತದೆ. 40 ದಾಟಿದ ಮೇಲೆ ಇದು ಎಲ್ಲರಿಗೂ ಬರುವಂಥದ್ದು. ಲೇಸಿಕ್ ಅನ್ನುವ ಈ ಲೇಸರ್ ಆಪರೇಷನ್ ಆ ಮಸೂರವನ್ನು ಮುಟ್ಟುವುದೇ ಇಲ್ಲ. ಹೀಗಾಗಿ ದೂರದ ಕನ್ನಡಕ ಹೋದ ಮಾರನೇ ದಿನವೇ ಓದುವ ಕನ್ನಡಕ ಬೇಕಾಗಬಹುದು. ಮಧ್ಯವಯಸ್ಸಿನ ಕಣ್ಣು ಚಿಕ್ಕ ಹೊದಿಕೆಯ ಹಾಗೆ, ತಲೆಗೆ ಎಳೆದುಕೊಂಡರೆ ಕಾಲು ಹೊರಗೆ ಬರುತ್ತದೆ.

"ಡಾಕ್ಟರ್ ಇದನ್ನು ಹೇಳಲಿಲ್ಲವಾ?" ಅಂತ ಕೇಳಿದೆ. ಹೇಳಿದ್ದರಂತೆ. ಓದಲು ಕನ್ನಡಕ ಬೇಕಾಗಬಹುದು ಅನ್ನುವ ಸಾಲು ಫೈಲಿನಲ್ಲೂ ಇತ್ತು. ಆದರೆ "ಓದಲು" ಅಂದರೆ ತಮ್ಮ ಎಂಟು ಗಂಟೆಯ ಕೆಲಸ ಅಂತ ಆಕೆಗೆ ಹೊಳೆದಿರಲಿಲ್ಲ. ಆಪರೇಷನ್ ಬಗ್ಗೆ ಯೋಚಿಸುವಾಗ ಕಣ್ಣ ಮುಂದೆ ಬರುತ್ತಿದ್ದದ್ದು ಮಳೆಯಲ್ಲಿ ಒದ್ದೆಯಾಗುವ ಕನ್ನಡಕ ಇಲ್ಲದ ಮುಖ, ಮೂಗಿನ ಮೇಲೆ ಕಲೆ ಇಲ್ಲದ ಫೋಟೋ, ಬೆಳಗ್ಗೆ ಎದ್ದ ಕೂಡಲೇ ಸ್ಪಷ್ಟವಾಗಿ ಕಾಣುವ ಗಡಿಯಾರ. ಕೆಲಸದ ಮೇಜು ಆ ಚಿತ್ರದಲ್ಲಿ ಇರಲೇ ಇಲ್ಲ.

ಅದಕ್ಕೇ ಮೊದಲ ಸಲಹೆ ಕೊಟ್ಟೆ. ಒಂದು ವಾರ ಬರೆದಿಡಿ, ನಿಮ್ಮ ಕಣ್ಣು ಯಾವ ದೂರದಲ್ಲಿ ಎಷ್ಟು ಹೊತ್ತು ಇರುತ್ತದೆ ಅಂತ. ಫೋನು, ಕಾಗದ, ಕಂಪ್ಯೂಟರ್, ಎದುರಿಗಿರುವವರ ಮುಖ, ರಸ್ತೆ. ಯಾವುದಕ್ಕೆ ಕನ್ನಡಕ ಹಾಕಿದಿರಿ, ಯಾವುದಕ್ಕೆ ತೆಗೆದಿರಿ, ಎಲ್ಲಿ ಕಿರಿಕಿರಿ ಆಯಿತು. ಇದನ್ನು ಮಾಡದೆ ಈ ವಯಸ್ಸಿನಲ್ಲಿ ಯಾರೂ ಆಪರೇಷನ್ ದಿನ ಗೊತ್ತುಮಾಡಬಾರದು ಅಂತ ನನ್ನ ಗಟ್ಟಿ ಅಭಿಪ್ರಾಯ.

ನಡುವಿನ ದಾರಿಯೂ ಒಂದಿದೆ. ಒಂದು ಕಣ್ಣನ್ನು ದೂರಕ್ಕೆ ಪೂರ್ತಿ ಸರಿಮಾಡಿ, ಇನ್ನೊಂದರಲ್ಲಿ ಬೇಕಂತಲೇ ಸ್ವಲ್ಪ ಮೈನಸ್ ಉಳಿಸುವುದು. ಇದಕ್ಕೆ ಮೊನೊವಿಷನ್ ಅನ್ನುತ್ತಾರೆ. ಮಿದುಳು ಎರಡು ಚಿತ್ರಗಳ ಪೈಕಿ ಬೇಕಾದ್ದನ್ನು ಆರಿಸಿಕೊಳ್ಳಲು ಕಲಿಯುತ್ತದೆ. ತುಂಬಾ ಜನ ಹೊಂದಿಕೊಳ್ಳುತ್ತಾರೆ, ಕೆಲವರಿಗೆ ಆಗುವುದೇ ಇಲ್ಲ. ಆಳ ಅಂದಾಜಿಸುವುದು ಸ್ವಲ್ಪ ಮಂಕಾಗುತ್ತದೆ. ರಾತ್ರಿ ಗಾಡಿ ಓಡಿಸುವವರಿಗೆ ಇದು ಕಷ್ಟ ಕೊಡಬಹುದು. ಆದರೆ ಒಂದು ಅನುಕೂಲ ಇದೆ: ಆಪರೇಷನ್‌ಗೆ ಮೊದಲೇ ಕಾಂಟ್ಯಾಕ್ಟ್ ಲೆನ್ಸ್ ಹಾಕಿ ಇದನ್ನು ಅನುಭವಿಸಿ ನೋಡಬಹುದು. ಒಗ್ಗದಿದ್ದರೆ ಲೆನ್ಸ್ ತೆಗೆದಿಟ್ಟರೆ ಆಯ್ತು. ಲೇಸರ್ ತೆಗೆದ ಕಾರ್ನಿಯಾ ವಾಪಸ್ ಬರುವುದಿಲ್ಲ.

ಲೆನ್ಸ್ ಅಂದ ಕೂಡಲೇ ಮುಖ ಸಪ್ಪಗಾಯಿತು. ಮೊದಲು ಹಾಕುತ್ತಿದ್ದರಂತೆ. ಈಚೆಗೆ ಸಂಜೆ ಹೊತ್ತಿಗೆ ಕಣ್ಣು ಉರಿ, ಮರಳು ಬಿದ್ದ ಹಾಗೆ ಅನ್ನಿಸುತ್ತೆ, ಅದಕ್ಕೇ ಬಿಟ್ಟೆ ಅಂದರು. ಲೆನ್ಸ್ ಆಗಲ್ಲ, ಇನ್ನು ಲೇಸರೇ ದಾರಿ ಅಂತ ಅವರು ಅಂದುಕೊಂಡಿದ್ದರು. ಇಂಥ ಉರಿ ಕಣ್ಣು ಒಣಗಿರುವುದರ ಗುರುತು ಆಗಿರಬಹುದು. ಋತುಬಂಧದ ಆಸುಪಾಸಿನಲ್ಲಿ ಹೆಂಗಸರಿಗೆ ಇದು ಜಾಸ್ತಿ. ಕಣ್ಣು ನೆಟ್ಟು ಓದುವವರು ರೆಪ್ಪೆ ಬಡಿಯುವುದೂ ಕಡಿಮೆ. ಲೇಸಿಕ್‌ನಲ್ಲಿ ಕಾರ್ನಿಯಾದ ನರಗಳು ಕತ್ತರಿಸಿಹೋಗುತ್ತವೆ, ಆಮೇಲೆ ತಿಂಗಳುಗಟ್ಟಲೆ ಒಣಗುವಿಕೆ ಹೆಚ್ಚಾಗುತ್ತದೆ. ಹೆಚ್ಚಿನವರಿಗೆ ಆರು ತಿಂಗಳು, ವರ್ಷದೊಳಗೆ ಇಳಿಯುತ್ತದೆ. ಕೆಲವರಿಗೆ ಉಳಿದುಕೊಳ್ಳುತ್ತದೆ. ಈಗಾಗಲೇ ಒಣಗಿರುವ ಕಣ್ಣಿಗೆ ಅಪಾಯ ಹೆಚ್ಚು. ಉರಿಯ ವಿಷಯ ಡಾಕ್ಟರಿಗೆ ಹೇಳಿದ್ದೀರಾ ಅಂದರೆ, "ಅದು ಲೆನ್ಸಿನ ತೊಂದರೆ ಅಲ್ವಾ, ಅದಕ್ಕೇ ಹೇಳಲಿಲ್ಲ" ಅಂದರು. ಮುಂದಿನ ಭೇಟಿಯಲ್ಲಿ ಮೊದಲು ಹೇಳಬೇಕಾದ್ದು ಇದನ್ನೇ ಅಂತ ಅವರ ಕೈಯಲ್ಲೇ ಫೈಲಿನ ಮೇಲೆ ಬರೆಸಿದೆ.

ಗೆಳತಿ ಕಳಿಸಿದ ಲೇಖನವೊಂದನ್ನೂ ಆಕೆ ಓದಿದ್ದರು. ಲೇಸಿಕ್ ಮಾಡಿಸಿಕೊಂಡವರಲ್ಲಿ ಬಹುತೇಕ ಎಲ್ಲರಿಗೂ ತೃಪ್ತಿ ಅಂತ ಅದರಲ್ಲಿತ್ತು. ಅದು ಸುಳ್ಳೇನಲ್ಲ. ಅಮೆರಿಕದ ಔಷಧ, ವೈದ್ಯಕೀಯ ಸಾಧನಗಳ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ ಜೊತೆ ಸೇರಿ ನಡೆದ ಪ್ರೌಲ್ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಅದರಲ್ಲೂ ಹೆಚ್ಚಿನವರು ತೃಪ್ತರಾಗಿದ್ದರು. ಆದರೆ ಮೊದಲು ಯಾವ ತೊಂದರೆಯೂ ಇಲ್ಲದಿದ್ದವರಲ್ಲಿ ಶೇ 40ಕ್ಕಿಂತ ಹೆಚ್ಚು ಜನಕ್ಕೆ ಮೂರು ತಿಂಗಳ ಹೊತ್ತಿಗೆ ದೀಪದ ಸುತ್ತ ಬಳೆ, ಚದುರಿದ ಬೆಳಕು, ಎರಡೆರಡಾಗಿ ಕಾಣುವುದು, ಇಂಥದ್ದು ಒಂದಾದರೂ ಹೊಸದಾಗಿ ಬಂದಿತ್ತು. ಅದರಿಂದ ದಿನದ ಕೆಲಸಕ್ಕೇ ತುಂಬಾ ಅಡ್ಡಿಯಾಗಿದ್ದು ಶೇ 1ಕ್ಕಿಂತ ಕಡಿಮೆ ಜನಕ್ಕೆ. ಇನ್ನೊಂದು ಮಾತು: ಅದರಲ್ಲಿದ್ದವರ ಸರಾಸರಿ ವಯಸ್ಸು ಸುಮಾರು 30. ಆ ವಯಸ್ಸಿನಲ್ಲಿ ಚಾಳೀಸು ಇರುವುದಿಲ್ಲ. 46ರವರು ಆ ತೃಪ್ತಿಯನ್ನು ತಮ್ಮದೆಂದು ಲೆಕ್ಕ ಹಾಕಬಾರದು.

ಇಷ್ಟು ಮಾತಾದ ಮೇಲೂ ಆಕೆಯ ಮುಖದಲ್ಲಿ ಹಗುರ ಬರಲಿಲ್ಲ. ಗಂಡ ಏನಂದರು ಅಂತ ಕೇಳಿದೆ. "ಈ ವಯಸ್ಸಲ್ಲಿ ಯಾರಿಗೆ ಚೆಂದ ಕಾಣಬೇಕು ಅಂದರು" ಅಂತ ಹೇಳಿ ಸುಮ್ಮನಾದರು. ಕಣ್ಣು ತುಂಬಿತ್ತು. ಚಿಕ್ಕವರಿದ್ದಾಗ ಸೋಡಾಬುಡ್ಡಿ ಅಂತ ಕರೆಸಿಕೊಂಡವರು ಅವರು. ದುಡಿಯಲು ಶುರುಮಾಡಿದಾಗಿನಿಂದ ದುಡ್ಡೆಲ್ಲಾ ಮನೆಗೆ, ಮಕ್ಕಳಿಗೆ ಹೋಗಿದೆ. ತಮಗೋಸ್ಕರ ಅಂತ ಕೇಳಿಕೊಂಡ ಮೊದಲ ದೊಡ್ಡ ಆಸೆ ಇದು. ಅದಕ್ಕೆ ಸಿಕ್ಕ ಉತ್ತರ ಹಾಗಿತ್ತು.

ಮಧ್ಯವಯಸ್ಸಿನಲ್ಲಿ ಇಂಥ ಆಸೆ ಸುಮ್ನೆ ಶೋಕಿ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಕನ್ನಡಕದಿಂದ ಬೇಸತ್ತವರಿಗೆ ಬೇಸರ ಯಾವ ವಯಸ್ಸಿನಲ್ಲಾದರೂ ನಿಜವೇ. ಅದನ್ನೇ ಆಕೆಗೂ ಹೇಳಿದೆ. ಜೊತೆಗೆ ಇದನ್ನೂ ಹೇಳಿದೆ: "ಗಂಡನ ಮಾತಿನಿಂದ ಆದ ನೋವಿಗೆ ಗಂಡನ ಜೊತೆಯೇ ಮಾತಾಡಬೇಕು. ಅವರಿಗೆ ಉತ್ತರ ಕೊಡುವುದಕ್ಕೆ ಕಾರ್ನಿಯಾ ಬಳಸಬೇಡಿ. ಅವರು ನಾಳೆ ಮಾಡಿಸ್ಕೋ ಅಂದರೆ ನಿಮಗೆ ಇಷ್ಟೇ ಬೇಕು ಅನ್ನಿಸುತ್ತಾ?" ತುಂಬಾ ಹೊತ್ತು ಯೋಚಿಸಿದರು. "ಅರ್ಧ ಕಡಿಮೆಯಾಗುತ್ತೆ ಅನ್ಸುತ್ತೆ" ಅಂದರು.

ಆ ತಿಂಗಳೊಳಗೆ ಮಾಡಿಸಿಕೊಂಡರೆ ರಿಯಾಯಿತಿ ಅಂತ ಆಸ್ಪತ್ರೆಯಿಂದ ಫೋನ್ ಬರುತ್ತಿತ್ತು. ಅದನ್ನು ಬಿಟ್ಟುಬಿಡಿ ಅಂದೆ. ಇದು ತುರ್ತು ಚಿಕಿತ್ಸೆ ಅಲ್ಲ. ಕಾದರೆ ಕಣ್ಣು ಹಾಳಾಗುವುದಿಲ್ಲ.

ಡಾಕ್ಟರ ಹತ್ತಿರ ವಾಪಸ್ ಹೋದಾಗ ಪರೀಕ್ಷೆಯಲ್ಲಿ ಒಣಗುವಿಕೆ ಇದ್ದದ್ದು ಗೊತ್ತಾಯಿತು. ಮೊದಲು ಅದಕ್ಕೆ ಚಿಕಿತ್ಸೆ ಆಯಿತು. ಆಮೇಲೆ ದಿನಕ್ಕೊಂದು ಹಾಕಿ ಬಿಸಾಡುವ ಲೆನ್ಸ್‌ನಲ್ಲಿ ಮೊನೊವಿಷನ್ ಪ್ರಯೋಗ. ಹೊರಗೆ ಓಡಾಡಲು, ಫೋನ್ ನೋಡಲು ಪರವಾಗಿಲ್ಲ. ಕರಡಿಗೆ ಕೂತರೆ ಮಾತ್ರ ಅಕ್ಷರ ಸಾಲದು, ತಲೆನೋವು. ಓದುವ ಕನ್ನಡಕ ಹಾಕಲೇಬೇಕಾಯಿತು. "ದಿನವಿಡೀ ಕನ್ನಡಕ ಹಾಕಿಕೊಂಡೇ ಕೂರಬೇಕಾದರೆ ನಾನು ಬಿಡಿಸಿಕೊಂಡಿದ್ದು ಯಾವುದರಿಂದ?" ಅಂತ ಅವರೇ ಕೇಳಿದರು. ಆಪರೇಷನ್ ಸದ್ಯಕ್ಕೆ ಬೇಡ ಅಂತ ತೀರ್ಮಾನಿಸಿದರು. ಹೊರಗೆ ಹೋಗುವ ದಿನ ಕೆಲವು ಗಂಟೆ ಲೆನ್ಸ್, ಮಿಕ್ಕಂತೆ ಇಷ್ಟಪಟ್ಟು ಆರಿಸಿದ ಹೊಸ ಫ್ರೇಮು. ಗಂಡನ ಹತ್ತಿರ ಮಾತಾಡಿದ್ದಾರೆ. ಅದು ಒಂದೇ ಸಲಕ್ಕೆ ಮುಗಿಯುವ ಮಾತಲ್ಲ, ಇನ್ನೂ ನಡೆಯುತ್ತಿದೆ.

ಇದನ್ನು ಓದಿ ಲೇಸರ್ ಬೇಡ ಅನ್ನುವವರ ಪಕ್ಷ ನನ್ನದು ಅಂದುಕೊಳ್ಳಬೇಡಿ. ಇದೇ ವಯಸ್ಸಿನ ಕ್ರೀಡಾ ತರಬೇತುದಾರರೊಬ್ಬರು ಬಂದಿದ್ದರು. ದಿನವೆಲ್ಲಾ ಮೈದಾನ, ಬೆವರು, ದೂರದ ನೋಟ. ಓದುವುದು ಕಡಿಮೆ. ಅದೇ ವಾರದ ಪಟ್ಟಿ ಬರೆದರು, ಓದುವ ಕನ್ನಡಕ ಬರುತ್ತೆ ಅಂತ ಪೂರ್ತಿ ತಿಳಿದೇ ಮಾಡಿಸಿಕೊಂಡರು. ಜೇಬಿನಲ್ಲಿ ಅದನ್ನಿಟ್ಟುಕೊಂಡು ಸಂತೋಷವಾಗಿದ್ದಾರೆ.

ಇಬ್ಬರಿಗೂ ಕೊನೆಗೆ ಹೇಳಿದ್ದು ಒಂದೇ. ಮೈನಸ್ ಇರುವವರ ಕಣ್ಣುಗುಡ್ಡೆ ಸಾಮಾನ್ಯವಾಗಿ ಉದ್ದ, ಲೇಸರ್‌ನಿಂದ ಅದು ಬದಲಾಗುವುದಿಲ್ಲ, ಕಣ್ಣಿನ ಹಿಂದಿನ ಪರದೆಯಾದ ರೆಟಿನಾಕ್ಕೆ ಅದರಿಂದ ಇರುವ ಅಪಾಯವೂ ಉಳಿಯುತ್ತದೆ. ಹಾಗಾಗಿ ಮಾಡಿಸಿದರೂ ಬಿಟ್ಟರೂ ರೆಟಿನಾ ಪರೀಕ್ಷೆ ತಪ್ಪಿಸಬೇಡಿ. ಮಾಡಿಸುವುದಾದರೆ ಮೊದಲಿನ ಪವರ್, ಕಾರ್ನಿಯಾದ ಅಳತೆ, ಎಲ್ಲದರ ಪ್ರತಿ ಜೋಪಾನವಾಗಿ ಇಟ್ಟುಕೊಳ್ಳಿ. ಮುಂದೆ ಕಣ್ಣಿಗೆ ಪೊರೆ ಬಂದಾಗ ಒಳಗೆ ಕೂರಿಸುವ ಲೆನ್ಸಿನ ಪವರ್ ಲೆಕ್ಕ ಹಾಕಲು ಅದು ನೆರವಾಗುತ್ತದೆ. ಲೇಸರ್ ಆದ ಕಣ್ಣಿನಲ್ಲಿ ಒತ್ತಡದ ಅಳತೆ ಇರುವುದಕ್ಕಿಂತ ಕಡಿಮೆ ತೋರಿಸಬಹುದು, ಕಣ್ಣಿನ ನರ ಹಾಳುಮಾಡುವ ಗ್ಲಾಕೋಮಾ ಕಾಯಿಲೆಯ ಪರೀಕ್ಷೆಗೆ ಹೋದಾಗ ಆಪರೇಷನ್ ಆಗಿದೆ ಅಂತ ನೀವೇ ಮೊದಲು ಹೇಳಿ.