150ನೇ ಪ್ರಶ್ನೆಯವರೆಗೂ ಹೋಗಿ ಫೇಲ್ ಆದರೆ?

ಪ್ರಶ್ನೆ: ಅಕ್ಕಾ, ಬಿ.ಎಸ್ಸಿ. ನರ್ಸಿಂಗ್ ಮುಗಿಸಿ ಖಾಸಗಿ ಆಸ್ಪತ್ರೆಯೊಂದರ ಮೆಡಿಕಲ್ ವಾರ್ಡಿನಲ್ಲಿದ್ದೇನೆ. ಅಮೆರಿಕಕ್ಕೆ ಹೋಗಲು ಅಲ್ಲಿನ ನರ್ಸ್ ಪರವಾನಗಿ ಪರೀಕ್ಷೆ ಎನ್‌ಕ್ಲೆಕ್ಸ್ ಆರ್‌ಎನ್ ಕಟ್ಟುವುದು, ಫೇಲ್ ಆಗುವುದು, ಇದೇ ಆಯಿತು. ಕಳೆದ ಸಲ ಕಂಪ್ಯೂಟರ್ 150 ಪ್ರಶ್ನೆಯನ್ನೂ ಕೇಳಿ ಮುಗಿಸಿತು. ವರದಿಯಲ್ಲಿ ಮ್ಯಾನೇಜ್‌ಮೆಂಟ್ ಆಫ್ ಕೇರ್ (ಯಾವ ರೋಗಿ ಮೊದಲು, ಯಾವ ಕೆಲಸ ಯಾರಿಗೆ ಎಂಬಂಥ ವಿಭಾಗ) ಪಾಸಿನ ಮಟ್ಟಕ್ಕಿಂತ ಕೆಳಗೆ, ಔಷಧಿಯದ್ದು ಹತ್ತಿರ, ಉಳಿದವು ಬಹುತೇಕ ಮೇಲೆ. ಪುಸ್ತಕವನ್ನೆಲ್ಲ ಮತ್ತೆ ಮೊದಲಿಂದ ಓದಲೇ? ಕೆಲಸ ಬಿಟ್ಟು ಕೂರಲೇ? ಮನೆಯಲ್ಲಿ ದುಡ್ಡಿನ ಮಾತು ಬಂದರೆ ಎದ್ದು ಹೋಗುತ್ತೇನೆ.
– ಹೆಸರು ಬೇಡ, ಕುಮಟಾ

ಉತ್ತರ: ತಂಗಿ, 150 ಎಂಬುದನ್ನು ಮರ್ಯಾದೆ ಹೋದವರ ಹಾಗೆ ಬರೆದಿದ್ದೀಯ. ಈ ಪರೀಕ್ಷೆ ಸರಿ ಉತ್ತರಿಸಿದರೆ ಹೆಚ್ಚು ಕಷ್ಟದ್ದನ್ನು, ತಪ್ಪಿದರೆ ಸುಲಭದ್ದನ್ನು ಕೇಳುತ್ತ ಹೋಗುತ್ತದೆ. ಕನಿಷ್ಠ 85, ಗರಿಷ್ಠ 150. ನೀನು ಪಾಸಿನ ಗೆರೆಯ ಮೇಲೋ ಕೆಳಗೋ ಎಂದು ಶೇ. 95ರಷ್ಟು ಖಾತ್ರಿಯಾದ ಕೂಡಲೇ ನಿಲ್ಲಿಸುತ್ತದೆ. ನಿನ್ನ ವಿಷಯದಲ್ಲಿ ಕೊನೆಯವರೆಗೂ ಅದಕ್ಕೆ ಖಾತ್ರಿಯಾಗಲಿಲ್ಲ. ಗೆರೆಯ ಆಸುಪಾಸಿನಲ್ಲೇ ಇದ್ದೀಯ. ಹಾಗಿರುವಾಗ ಮೊದಲ ಪುಟದಿಂದ ಯಾಕೆ ಓದಬೇಕು ಮಾರಾಯ್ತಿ? ಹೃದಯದ ನಾಲ್ಕು ಕೋಣೆ ನಿನಗೆ ಗೊತ್ತಿದೆ.

ನಿನಗೆ ಅಡ್ಡ ಬರುತ್ತಿರುವುದು ನಿನ್ನ ವಾರ್ಡು. ನಾನು ಶಿರಸಿಯಲ್ಲಿ ವಾರ್ಡ್ ನೋಡಿಕೊಂಡು, ಆಮೇಲೆ ಹುಡುಗಿಯರಿಗೆ ಕಲಿಸಿದವಳು. ಕೆಲಸದಲ್ಲಿ ಚುರುಕಾದವರೇ ಈ ಮ್ಯಾನೇಜ್‌ಮೆಂಟ್ ಆಫ್ ಕೇರ್‌ನಲ್ಲಿ ಎಡವುವುದನ್ನು ನೋಡಿದ್ದೇನೆ. ಪಾರ್ಶ್ವವಾಯು ಹೊಡೆದು ನಿನ್ನೆ ಸೇರಿದ ಅಜ್ಜನಿಗೆ ಮೊದಲ ಊಟ ಯಾರು ಕೊಡಬೇಕು? ನಮ್ಮಲ್ಲಿ ಸೊಸೆ ಮನೆಯಿಂದ ಗಂಜಿ ತಂದು ಕುಡಿಸುತ್ತಾಳೆ, ನಾವು ಇನ್ನೊಂದು ಬೆಡ್ಡಿನ ಡ್ರಿಪ್ ಬದಲಿಸುತ್ತಿರುತ್ತೇವೆ. ಪರೀಕ್ಷೆಯ ಪ್ರಶ್ನೆಗಳಲ್ಲಿ ಬರುವ ಅಮೆರಿಕದ ಆಸ್ಪತ್ರೆಯಲ್ಲಿ ಅವನು ನುಂಗಬಲ್ಲನೇ ಎಂದು ನೋಡುವವರೆಗೆ ಬಾಯಿಗೆ ನೀರೂ ಇಲ್ಲ. ಊಟ ಮಾಡಿಸುವುದು ಸಹಾಯಕಿಯ ಕೆಲಸವಾದರೂ ಈ ಊಟವನ್ನು ಅವಳಿಗೆ ಒಪ್ಪಿಸುವ ಹಾಗಿಲ್ಲ.

ಆ ಆಸ್ಪತ್ರೆಯಲ್ಲಿ ನಿನ್ನ ಕೈಕೆಳಗೆ ಎಲ್‌ಪಿಎನ್ (ಆರ್‌ಎನ್‌ಗಿಂತ ಒಂದು ಮೆಟ್ಟಿಲು ಕೆಳಗಿನ ನರ್ಸ್) ಇದ್ದಾಳೆ, ಸಹಾಯಕಿ ಇದ್ದಾಳೆ. ಸ್ನಾನ, ನಡೆಸುವುದು, ಸ್ಥಿರವಾಗಿರುವ ರೋಗಿಯ ಬಿಪಿ ಸಹಾಯಕಿಗೆ. ಸ್ಥಿರ ರೋಗಿಯ ಮಾತ್ರೆ, ಡ್ರೆಸ್ಸಿಂಗ್ ಎಲ್‌ಪಿಎನ್‌ಗೆ. ಮೊದಲ ಪರಿಶೀಲನೆ, ರೋಗಿಗೆ ಹೊಸದಾಗಿ ಕಲಿಸಿಕೊಡುವುದು, ಗುಣ ಕಂಡಿತೇ ಎಂದು ಅಳೆಯುವುದು ನಿನ್ನವು. ಇಡೀ ವಾರ್ಡಿಗೆ ಒಬ್ಬಳೇ ಓಡಾಡುವವಳಿಗೆ ಹೀಗೆ ಹಂಚಿ ಅಭ್ಯಾಸವಿರುವುದಿಲ್ಲ. ಇನ್ನೊಂದು, "ಡಾಕ್ಟರಿಗೆ ತಿಳಿಸು" ಎಂಬ ಉತ್ತರ ಕಂಡ ತಕ್ಷಣ ಬೆರಳು ಅಲ್ಲಿಗೆ ಓಡುತ್ತದೆ. ರಕ್ತ ಕೊಡುವಾಗ ಚಳಿ ನಡುಕ ಬಂದರೆ ಮೊದಲು ರಕ್ತ ನಿಲ್ಲಿಸು, ಹೊಸ ಟ್ಯೂಬಿನಲ್ಲಿ ನಾರ್ಮಲ್ ಸಲೈನ್ ಹಾಕಿ ಲೈನ್ ಉಳಿಸು, ಆಮೇಲೆ ಫೋನು. ಹಾಸಿಗೆ ಪಕ್ಕ ನಿನ್ನ ಕೈಲಾಗುವುದು ಏನಾದರೂ ಉಳಿದಿದೆಯೇ ನೋಡಿ ಆ ಉತ್ತರ ಮುಟ್ಟು.

ಕೆಲಸ ಬಿಡಬೇಡ. ಪಾಳಿ ಬದಲಾಗುವಾಗ ರೋಗಿಗಳ ಹ್ಯಾಂಡ್‌ಓವರ್ ಕೇಳುತ್ತ ಮನಸ್ಸಿನಲ್ಲೇ ಹಂಚಿ ನೋಡು: ಇವರಲ್ಲಿ ಮೊದಲು ಯಾರ ಹತ್ತಿರ ಹೋಗಲಿ, ಯಾವುದನ್ನು ಯಾರಿಗೆ ಒಪ್ಪಿಸಲಿ? ಇಷ್ಟು ಒಳ್ಳೆಯ ತಾಲೀಮು ಯಾವ ಕೋಚಿಂಗಿನಲ್ಲೂ ಸಿಗುವುದಿಲ್ಲ. ಮನೆಯಲ್ಲಿ ಪ್ರಶ್ನೆ ಬಿಡಿಸುವಾಗ ಸಂಖ್ಯೆಯ ಹಿಂದೆ ಬೀಳಬೇಡ. ಸ್ವಲ್ಪವೇ ಬಿಡಿಸು, ಉಳಿದ ಆಯ್ಕೆಗಳು ಯಾಕೆ ತಪ್ಪು ಎಂದು ಕನ್ನಡದಲ್ಲೇ ಬಾಯಿಬಿಟ್ಟು ಹೇಳು. 2023ರ ಏಪ್ರಿಲ್‌ನಿಂದ ಬಂದ ಕೇಸ್ ಸ್ಟಡಿಗಳನ್ನು, ಒಬ್ಬ ರೋಗಿಯ ಕಥೆಗೆ ಆರು ಪ್ರಶ್ನೆ, ವಾರವಾರ ಮಾಡು. ಸರಿಯಾದವನ್ನೆಲ್ಲ ಆರಿಸು ಎಂಬಲ್ಲಿ ಈಗ ಭಾಗಶಃ ಅಂಕವಿದೆ, ಆದರೆ ತಪ್ಪು ಆಯ್ಕೆಗೆ ಕಳೆಯುತ್ತಾರೆ. ಸಂಶಯವಿದ್ದುದನ್ನೆಲ್ಲ ಒತ್ತುವ ಚಾಳಿ ಇದ್ದರೆ ಬಿಡು.

ಔಷಧಿಗೆ ಒಂದು ಸಣ್ಣ ವಹಿ ಸಾಕು. ನಮ್ಮ ಪ್ಯಾರಾಸಿಟಮಾಲ್ ಅಲ್ಲಿ ಅಸಿಟಮಿನೋಫೆನ್, ಸಾಲ್ಬುಟಮಾಲ್ ಅಲ್ಬುಟೆರಾಲ್, ಅಡ್ರಿನಾಲಿನ್ ಎಪಿನೆಫ್ರಿನ್, ಪೆಥಿಡಿನ್ ಮೆಪೆರಿಡಿನ್.

ಟೆಲಿಗ್ರಾಮಿನಲ್ಲಿ "ನಿಜವಾದ ಪ್ರಶ್ನೆ" ಎಂದು ಮಾರುವವರ ಹತ್ತಿರ ಹೋಗಬೇಡ. ಪ್ರಶ್ನೆ ಹೊರಗೆ ಹೇಳುವುದಿಲ್ಲವೆಂದು ಒಪ್ಪಿಕೊಂಡೇ ಎಲ್ಲರೂ ಪರೀಕ್ಷೆಗೆ ಕೂರುವುದು, ಸಿಕ್ಕಿಬಿದ್ದರೆ ಫಲಿತಾಂಶವೇ ರದ್ದಾದೀತು.

ಇನ್ನು ದುಡ್ಡು. ಎದ್ದು ಹೋದರೆ ಲೆಕ್ಕ ಕಡಿಮೆಯಾಗದು. ಪ್ರತಿ ಸಲ 200 ಡಾಲರ್ ನೋಂದಣಿ, ಭಾರತದಲ್ಲಿ ಬರೆಯುವುದಕ್ಕೆ ಇನ್ನೂ 150 ಮತ್ತು ತೆರಿಗೆ. ಒಂದು ಹಾಳೆಯಲ್ಲಿ ಬರೆದು ಅಪ್ಪನ ಮುಂದಿಡು, ನಿನ್ನ ಸಂಬಳದಲ್ಲಿ ಎಷ್ಟು ಹಾಕುತ್ತೀ ಎಂಬುದನ್ನೂ ಬರೆ. ಊರಿನವರಿಗೆ ತಾರೀಖು ಹೇಳಬೇಕಾಗಿಲ್ಲ. ಎರಡು ಪರೀಕ್ಷೆಯ ನಡುವೆ 45 ದಿನ ಬಿಡಲೇಬೇಕು ಎಂಬುದು ನಿಯಮ, 46ನೇ ದಿನವೇ ಬರೆ ಎಂದಲ್ಲ. ವರ್ಷಕ್ಕೆ 8 ಸಲದವರೆಗೆ ಅವಕಾಶವಿದೆ, ಆದರೆ ಅಮೆರಿಕದ ಕೆಲವು ರಾಜ್ಯಗಳ ಮಿತಿ ಬೇರೆ. ನೀನು ಅರ್ಜಿ ಹಾಕಿದ ರಾಜ್ಯದ ನರ್ಸಿಂಗ್ ಬೋರ್ಡಿನ ನಿಯಮ ಓದಿಕೋ. ಮ್ಯಾನೇಜ್‌ಮೆಂಟ್ ಆಫ್ ಕೇರ್ ಪ್ರಶ್ನೆಗಳಲ್ಲಿ ಕಾರಣ ಹೇಳಲು ತಡವರಿಸುವುದು ನಿಂತ ಮೇಲೆ ತಾರೀಖು ತೆಗೆದುಕೋ.

ಪಾಸ್‌ಪೋರ್ಟಿನಲ್ಲಿ ನಿನ್ನ ಹೆಸರು, ಅಡ್ಡಹೆಸರು ಹೇಗಿದೆಯೋ ನೋಂದಣಿಯಲ್ಲೂ ಹಾಗೇ ಇರಲಿ, ನಮ್ಮ ಕಡೆಯವರಿಗೆ ಇನಿಷಿಯಲ್ ಗೋಜಲು ಜಾಸ್ತಿ. ಪಂಚಗಂಗಾ ರೈಲು ಬೆಳಿಗ್ಗೆ ಬೆಂಗಳೂರು ಮುಟ್ಟುತ್ತದೆಂದು ಅದೇ ದಿನದ ಪರೀಕ್ಷೆ ಬುಕ್ ಮಾಡಬೇಡ, ಐದು ತಾಸಿನ ಪರೀಕ್ಷೆ ಅದು. ಆಷಾಢದ ಮಳೆಯಲ್ಲಿ ಘಟ್ಟದ ಹಳಿ ಮೇಲೆ ಗುಡ್ಡ ಜರಿದರೆ ರೈಲೇ ಬರುವುದಿಲ್ಲ, ಆ ತಿಂಗಳಲ್ಲಾದರೆ ಎರಡು ದಿನ ಮೊದಲೇ ಹೊರಡು.